ಅತ್ತೆ ಬೆಚ್ಚಿಬಿದ್ದ ಮನೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಕನ್ನಡದಲ್ಲಿ ಪತ್ರ! ಅದೂ ನಿನ್ನ ಮಗಳಿಂದ! ಮೊದಲು ಕನ್ನಡಕ ಹುಡುಕಿಕೋ, ಆಮೇಲೆ ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲೇ ಅನ್ನುತ್ತೀಯ, ಗೊತ್ತು. ಆದರೆ ಫೋನಿನಲ್ಲಿ ನಾನು ಯಾವ ಮಾತು ಶುರು ಮಾಡಿದರೂ ನೀನು ಅದನ್ನು ನಿನ್ನ ಮಂಡಿನೋವಿನಲ್ಲಿ ಮುಗಿಸುತ್ತೀಯ. ಈ ಕಥೆಯನ್ನು ಯಾರೂ ಅಡ್ಡಬಾಯಿ ಹಾಕದಂತೆ ನಾನು ಪೂರ್ತಿ ಹೇಳಬೇಕು.

ಅತ್ತೆ ನಮ್ಮ ಮನೆಗೆ ಬಂದರು! ಬಂದರು ಅಮ್ಮಾ, ಬಂದರು! ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ನಾಲ್ಕು ದಿನದಿಂದ ಸುಮ್ಮಸುಮ್ಮನೆ ನಗುತ್ತಿದ್ದೇನೆ.

ನಿನಗೆ ಅರ್ಧ ಮಾತ್ರ ಗೊತ್ತು. ಇವರ ಆಸ್ಪತ್ರೆಯ ಲ್ಯಾಬಿಗೆ ಹತ್ತಿರ ಅಂತ ನಾವು ಈ ಮೂರನೇ ಮಹಡಿಯ ಫ್ಲಾಟ್ ಹಿಡಿದೆವಲ್ಲ (ಇವರು, ಇವರು! ಬರೆಯುವಾಗಲೇ ನಗು ಬರುತ್ತದೆ, ಎದುರಿಗೆ ನಾನು ಕರೆಯುವುದು ಕೋತಿ ಅಂತ), ಹೊರಡುವ ದಿನ ಅತ್ತೆ ತಮ್ಮ ಮಂಚ, ಬೀರು ಎರಡನ್ನೂ ತೋರಿಸಿ, ತಗೊಂಡು ಹೋಗಿ, ಹೊಸ ಸಂಸಾರ, ಬರಿಗೈಲಿ ಹೋಗಬಾರದು ಅಂದರು. ಇವರು ಬೇಡ ಅಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಿನ್ನ ಹಳೇ ಸಾಮಾನು ನಮಗ್ಯಾಕಮ್ಮ ಅಂತ ಸೇರಿಸಿಬಿಟ್ಟರು. ಅತ್ತೆಯ ಮುಖ ಸಣ್ಣಗಾಯಿತು. ಸರಿ ಬಿಡಪ್ಪ, ಆ ಹಳೇ ಸಾಮಾನಿನ ಜೊತೆ ನನ್ನನ್ನೂ ಸೇರಿಸಿಕೋ, ನಿಮ್ಮ ಹೊಸ ಮನೆಗೆ ನಾನು ಕಾಲಿಡಲ್ಲ ಅಂದರು. ಅವತ್ತಿನಿಂದ ಅಮ್ಮ ಮಗ ಇಬ್ಬರೂ ಮಾತು ಬಿಟ್ಟರು. ನಾನು ಫೋನ್ ಮಾಡಿದರೂ ಎರಡೇ ಪ್ರಶ್ನೆ: ಚೆನ್ನಾಗಿದ್ದೀರಾ, ಇಡಲಾ. ಅತ್ತೆ ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರಲ್ಲವಾ, ಪುಸ್ತಕಗಳ ತಪ್ಪು ಹುಡುಕುವುದೇ ಕೆಲಸ. ಮಾತಿನಲ್ಲೂ ಒಂದಕ್ಷರ ಜಾಸ್ತಿ ಇರುವುದಿಲ್ಲ.

ಇನ್ನು ಮನೆಯ ಪಾಡು ಕೇಳು. ಬಿಳಿ ಗೋಡೆ, ಬಿಳಿ ನೆಲ, ಅಂಚೆ ಕಚೇರಿಯ ಹಾಗೆ ಬಿಳಿ ಟ್ಯೂಬ್‌ಲೈಟು. ಹಾಲಿನಲ್ಲಿ ಸೀನಿದರೆ ಅಡುಗೆಮನೆಯಿಂದ ಇನ್ನೊಬ್ಬರು ಸೀನಿದ ಹಾಗೆ ಕೇಳುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನೀನು ಹೇಳಿ ಕಳಿಸಿದ್ದೆಯಲ್ಲ, ಅದನ್ನು ಇವರಿಗೆ ನೆನಪಿಸಿದೆ. ನಮಗೆ ಹಾಸಿಗೆಯೇ ಇಲ್ಲವಲ್ಲ, ಎಷ್ಟು ಬೇಕಾದರೂ ಚಾಚಬಹುದು ಅಂತ ಇವರು ನೆಲದ ಮೇಲೆ ನಕ್ಷತ್ರದ ಹಾಗೆ ಮಲಗಿಬಿಟ್ಟರು. ಇಂಥವರನ್ನು ಪ್ರೀತಿಸದೆ ಏನು ಮಾಡಲಿ ಹೇಳು!

ಕಾಸು ಖರ್ಚು ಮಾಡದೆ ಮನೆಯನ್ನು ಬೆಚ್ಚಗೆ ಮಾಡಬೇಕು ಅಂತ ಇಬ್ಬರೂ ಟೊಂಕ ಕಟ್ಟಿ ನಿಂತೆವು. ಟ್ಯೂಬ್‌ಲೈಟ್ ಕಿತ್ತು ಹಳದಿ ಬಲ್ಬು ಹಾಕಿದೆವು. ಹಣ್ಣಿನಂಗಡಿಯವರು ಆಚೆಗೆಸೆದ ಮರದ ಪೆಟ್ಟಿಗೆಗಳನ್ನು ಉಜ್ಜಿ, ಒಂದರ ಮೇಲೊಂದು ಇಟ್ಟರೆ ಪುಸ್ತಕದ ಕಪಾಟು. ದೊಡ್ಡ ಬೆಡ್‌ಶೀಟನ್ನು ಸೀಳಿದರೆ ಎರಡು ಪರದೆ. ಅಂಚು ಹೊಲಿದದ್ದು ನಾನು, ಆದ್ದರಿಂದ ಒಂದು ಪರದೆ ಕುಂಟುತ್ತಿತ್ತು. ಇವರ ಕಾಲೇಜಿನ ಕಾಲದ ಟೀ ಶರ್ಟುಗಳನ್ನೆಲ್ಲ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಜಡೆ ಹೆಣೆದ ಹಾಗೆ ಹೆಣೆದು, ಸುರುಳಿ ಸುತ್ತಿ ಹೊಲಿದು ಹಾಲಿಗೊಂದು ಹಾಸು ಮಾಡಿದೆ. ಗೋಡೆಗೆ ಇಟ್ಟಿಗೆ ಬಣ್ಣ ಬರಲಿ ಅಂತ ಅಂಗಡಿಯಲ್ಲಿ ಉಳಿದ ಡಬ್ಬಿಗಳನ್ನು ತಂದು ಕಲಸಿದೆವು. ಬಂದದ್ದು ಬದನೆಕಾಯಿ ಬಣ್ಣ. ಇರಲಿ, ಬದನೆಕಾಯಿಯೂ ಬೆಚ್ಚಗಿನ ಜಾತಿಯೇ ಅಂತ ಸಮಾಧಾನ ಮಾಡಿಕೊಂಡೆವು.

ಆದರೆ ಅಮ್ಮ, ಪ್ರತಿಯೊಂದು ಮುಗಿದಾಗಲೂ ಇವರ ಮುಖದಲ್ಲಿ ಒಂದು ಮೋಡ ಹಾದುಹೋಗುತ್ತಿತ್ತು. ಯಾರೋ ಬಿಟ್ಟುಹೋದ ಕುರ್ಚಿಯೊಂದನ್ನು ಕಾಲು ಸರಿಮಾಡಿ ಕಿಟಕಿಯ ಹತ್ತಿರ ಇಟ್ಟು, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ಬೆಳಕು ಎಡಗಡೆಯಿಂದ ಬಿದ್ದರೆ ಓದೋರಿಗೆ ಒಳ್ಳೇದು ಅಂತ ಗೊಣಗಿದರು. ಈ ಮನೆಯಲ್ಲಿ ಹಾಗೆ ಕೂತು ಓದುವವರು ಯಾರಿದ್ದಾರೆ? ನಾನಂತೂ ಮಲಗಿ ಓದುವವಳು. ಅಮ್ಮನಿಗೆ ಫೋನ್ ಮಾಡೋ ಕೋತಿ ಅಂದರೆ, ಅವಳೇ ಬರಲ್ಲ ಅಂದಿದ್ದಾಳಲ್ಲ ಅಂತ ಬೆನ್ನು ತಿರುಗಿಸಿದರು. ಹೀಗೇ ಬಿಟ್ಟರೆ ಇಬ್ಬರ ಬಿಗುಮಾನದಲ್ಲಿ ವರ್ಷವೇ ಕಳೆದುಹೋಗುತ್ತದೆ, ಆಮೇಲೆ ಮಾತಾಡಬೇಕು ಅಂದರೂ ನಾಲಿಗೆ ಏಳುವುದಿಲ್ಲ ಅಂತ ನನಗೆ ಹೆದರಿಕೆಯಾಯಿತು.

ಅದಕ್ಕೇ ನಾನು ಅತ್ತೆಗೆ ಒಂದು ಕಾರ್ಡು ಬರೆದೆ. ಕನ್ನಡದಲ್ಲೇ ಬರೆದರೆ ಅವರ ಮನಸ್ಸು ಕರಗುತ್ತದೆ ಅಂತ ಲೆಕ್ಕ. ಇವರಿಗೆ ಗುಟ್ಟಾಗಿರಲಿ ಅಂತ ತೋರಿಸಲಿಲ್ಲ. ಬರೆದದ್ದು ಇಷ್ಟೇ: ಪ್ರೀತಿಯ ಅತ್ತೆ, ಮೊದಲು ನಮ್ಮ ಮನೆ ತುಂಬಾ ತಣ್ಣಗಿತ್ತು. ಈಗ ಎಲ್ಲಾ ಬದಲಾಗಿದೆ. ನೀವು ಬಂದರೆ ಬಾಗಿಲಲ್ಲೇ ಬೆಚ್ಚಿಬೀಳುತ್ತೀರಿ. ನಿಮ್ಮನ್ನು ಬೆಚ್ಚಿಬೀಳಿಸಬೇಕು ಅಂತಲೇ ನಿಮ್ಮ ಮಗ ಇಷ್ಟು ಕಷ್ಟಪಡುತ್ತಿದ್ದಾರೆ. ದಯವಿಟ್ಟು ಬೇಗ ಬನ್ನಿ.

ನಗಬೇಡಮ್ಮ! ನನ್ನನ್ನು ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದು ನೀನೇ! ಪ್ರೀತಿಯಲ್ಲಿ ಬೀಳಬಹುದು, ಮೋಹಕ್ಕೆ ಬೀಳಬಹುದು, ಹಾಗಾದರೆ ಬೆಚ್ಚಗಾಗಿ ಬೀಳುವುದೇ ಬೆಚ್ಚಿಬೀಳುವುದು ಅಂತ ನಾನು ಅಂದುಕೊಂಡಿದ್ದೆ. ಬೆಚ್ಚಿಬೀಳುವುದು ಅಂದರೆ ಹೆದರಿ ಹಾರಿಬೀಳುವುದು ಅಂತ ನನಗೆ ಯಾರು ಹೇಳಿದ್ದರು? ಎಷ್ಟು ಸುಂದರವಾದ ಪದ ಅಂತ ಅಂಚೆ ಪೆಟ್ಟಿಗೆಯ ಮುಂದೆ ನಿಂತು ಇನ್ನೊಂದು ಸಲ ಓದಿಕೊಂಡು ಹಾಕಿದ್ದೆ.

ಗುರುವಾರ ಮಧ್ಯಾಹ್ನ ಇವರಿಗೆ ರಜೆ. ತರಕಾರಿ ಬುಟ್ಟಿಯೊಂದನ್ನು ಬಲ್ಬಿಗೆ ಬೋರಲು ತೂಗಿಹಾಕಲು ಸ್ಟೂಲು ಹತ್ತಿದ್ದರು, ಬಾಯಲ್ಲಿ ತಂತಿ. ಬೆಲ್ ಒಂದೇ ಸಮನೆ ಹೊಡೆದುಕೊಂಡಿತು. ತೆಗೆದರೆ ಅತ್ತೆ! ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿಬಂದು ಏದುಸಿರು ಬಿಡುತ್ತಿದ್ದಾರೆ. ಕಿವಿಯ ಮೇಲೆ ಕೆಂಪು ಪೆನ್ಸಿಲ್ ಹಾಗೇ ಇದೆ. ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದು ಕಾಲಲ್ಲಿ ಅಚ್ಚಿನ ಮನೆಯ ಇನ್ಯಾರದೋ ಚಪ್ಪಲಿ. ಒಳಗೆ ಬಂದವರು ಮನೆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು. ಇವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಏನಾಯ್ತೋ, ಕೈಕಾಲು ನೆಟ್ಟಗಿದೆಯಾ, ಕೆಲಸ ಹೋಯ್ತಾ, ತಣ್ಣಗಿತ್ತು ಅಂದ್ರೇನು, ಗಂಡ ಹೆಂಡ್ತಿ ಮಾತಾಡ್ತಿಲ್ವಾ, ನಾನು ಬೆಚ್ಚಿಬೀಳೋ ಅಂಥದ್ದೇನು ಮಾಡಿಟ್ಟಿದ್ದೀರಿ, ನೇರವಾಗಿ ಹೇಳ್ರೋ ಅಂತ ಒಂದೇ ಉಸಿರಿಗೆ ಕೇಳಿದರು. ಅಷ್ಟು ದಿನ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ಬಂದ ಹಾಗಿತ್ತು.

ಇವರು ಬಾಯಿಂದ ತಂತಿ ತೆಗೆದು, ಏನೂ ಆಗಿಲ್ಲಮ್ಮ, ಬುಟ್ಟಿ ಕಟ್ತಾ ಇದ್ದೀನಿ ಅಂದರು. ಅತ್ತೆ ಚೀಲದಿಂದ ಕಾರ್ಡು ತೆಗೆದು ಮುಖಕ್ಕೆ ಹಿಡಿದರು. ಇವರು ಓದಿದರು. ಮೊದಲು ಭುಜ ಅಲುಗಿತು, ಆಮೇಲೆ ಸ್ಟೂಲು ಅಲುಗಿತು, ಆಮೇಲೆ ನಗುತ್ತಾ ಬುಟ್ಟಿಯ ಸಮೇತ ಕೆಳಗೆ ಕುಸಿದರು. ಅರ್ಥ ಏನು ಅಂತ ಬಿಡಿಸಿ ಹೇಳಿದಾಗ ನನಗೆ ನಗು ಬರಲಿಲ್ಲ, ಅಳು ಬಂತು. ಸೇರಿಸಲು ಹೋಗಿ ಇನ್ನಷ್ಟು ಕೆಡಿಸಿಬಿಟ್ಟೆನಾ ಅಂತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ.

ಅತ್ತೆ ಮಾತ್ರ ಆ ಕಿಟಕಿಯ ಕುರ್ಚಿಯ ಮೇಲೆ ಕೂತು, ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಅಭ್ಯಾಸಬಲ ನೋಡು, ಕೆಂಪು ಪೆನ್ಸಿಲ್ ತೆಗೆದರು. ಪದದ ಮೇಲೆ ಗೀಟು ಎಳೆಯಲು ಹೋದವರು ತಲೆಯೆತ್ತಿ ಗೋಡೆ ನೋಡಿದರು. ಇದೇನೇ ಬಣ್ಣ, ಬದನೆಕಾಯಿಗೆ ಜ್ವರ ಬಂದ ಹಾಗಿದೆ ಅಂದರು. ಆಮೇಲೆ ಪೆನ್ಸಿಲನ್ನು ವಾಪಸ್ ಕಿವಿಗೆ ಸಿಕ್ಕಿಸಿಕೊಂಡು, ತಿದ್ದೋಕೇನೂ ಇಲ್ಲ, ಇಂಗ್ಲಿಷ್ ಗಿಳಿ ಸರಿಯಾಗೇ ಬರೆದಿದ್ದಾಳೆ, ಬೆಚ್ಚಿಬಿದ್ದೆ ಅಂದರು. ಅಮ್ಮಾ, ಆಗ ನಕ್ಕರು ನೋಡು! ಅವರು ನಗುವಾಗ ಕಣ್ಣು ಮುಚ್ಚಿಹೋಗುತ್ತದೆ, ಥೇಟ್ ನನ್ನ ಕೋತಿಯ ಹಾಗೆ.

ನಗು ನಿಂತ ಮೇಲೆ, ನಾವು ಆಮೇಲೆ ಹೇಗೋ ಹೊಂದಿಸಿಕೊಂಡು ನೆಲದ ಮೇಲೆ ಹಾಸಿದ್ದ ಹಾಸಿಗೆ ನೋಡಿ, ಮಂಚ ಯಾಕೋ ಬೇಡ ಅಂದೆ ಅಂತ ಮೆಲ್ಲಗೆ ಕೇಳಿದರು. ಇವರು ಬುಟ್ಟಿಯ ಕಡ್ಡಿ ಕೀಳುತ್ತಾ, ಇರೋದೇ ಒಂದು ಮಂಚ, ನಾವು ತಂದುಬಿಟ್ರೆ ನೀನೆಲ್ಲಿ ಮಲಗ್ತೀಯಮ್ಮ ಅಂದರು. ಹಾಗಂತ ಅವತ್ತೇ ಹೇಳೋಕೆ ಬಾಯಿಗೆ ಬೀಗ ಹಾಕಿದ್ರಾ ಅಂತ ಅತ್ತೆ. ಹೇಳಿದ್ರೆ ನೀನು ಹಠ ಮಾಡಿ ಕೊಟ್ಟೇ ಕೊಡ್ತಿದ್ದೆ ಅಂತ ಇವರು. ಅತ್ತೆ ನನ್ನ ಕಡೆ ತಿರುಗಿ, ನೋಡಿದೆಯಾ, ನೀನು ಪದ ತಪ್ಪು ಬರೆದೆ, ನಾನು ಚಪ್ಪಲಿ ಕೂಡ ನೋಡದೆ ಓಡಿಬಂದೆ. ಇವನು ಒಂದು ಒತ್ತಕ್ಷರವೂ ತಪ್ಪದೆ ಮಾತಾಡಿದ, ನಾನು ಮನೇಲೇ ಕೂತೆ ಅಂದರು. ಇವರು ಮೂಗು ಒರೆಸಿಕೊಳ್ಳಲು ಬಾತ್‌ರೂಮಿಗೆ ಹೋದರು. ಬಣ್ಣದ ವಾಸನೆಗೆ ಅಂತೆ!

ಸಂಜೆ ದೀಪ ಹಾಕಿದಾಗ ಬುಟ್ಟಿಯ ಹೆಣಿಗೆಯ ನೆರಳು ಗೋಡೆ ತುಂಬ ಹರಡಿತು. ಆ ಬೆಳಕಿನಲ್ಲಿ ಬದನೆಕಾಯಿ ನಿಜಕ್ಕೂ ಇಟ್ಟಿಗೆಯ ಹಾಗೆ ಕಂಡಿತು, ಆಣೆ ಮಾಡುತ್ತೇನೆ. ಅತ್ತೆ ಗಾಬರಿಯಲ್ಲಿ ಕಳಚಲು ಮರೆತಿದ್ದ ಆ ಎರಡು ಜಾತಿಯ ಚಪ್ಪಲಿಯನ್ನು ಈಗ ಕಳಚಿ, ನನ್ನ ಟೀ ಶರ್ಟಿನ ಹಾಸಿನ ಮೇಲೆ ಕಾಲಿಟ್ಟು, ಸುಮ್ಮನೆ ಬೆರಳು ಆಡಿಸುತ್ತಾ ಕೂತರು. ನನಗೆ ಅಷ್ಟೇ ಸಾಕಾಯಿತು.

ಇನ್ನೂ ಇಲ್ಲೇ ಇದ್ದಾರೆ. ದಿನಾ ನಾಳೆ ಹೊರಡ್ತೀನಿ ಅನ್ನುತ್ತಾರೆ, ದಿನಾ ಇಲ್ಲಿಂದಲೇ ಅಚ್ಚಿನ ಮನೆಗೆ ಹೋಗಿ ಸಂಜೆ ಇಲ್ಲಿಗೇ ಬರುತ್ತಾರೆ. ಕುಂಟು ಪರದೆ ಬಿಚ್ಚಿ ಹೊಲಿದಿದ್ದಾರೆ. ಹಾಸಿಗೆ ಅವರಿಗೆ, ಚಾಪೆ ನಮಗೆ. ದಿನಕ್ಕೊಂದು ಪುಟ ಕನ್ನಡ ಬರೆಯಲೇಬೇಕು ಅಂತ ನನಗೆ ಅಪ್ಪಣೆ. ಇವತ್ತಿನ ಪುಟ ನಿನಗೆ. ಒಂದು ಪುಟ ಹೋಗಿ ಇಷ್ಟಾಯಿತು!

ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಅಪ್ಪನಿಗೆ ಇದನ್ನು ಓದಿ ಹೇಳು, ಆದರೆ ಕೋತಿ ಅನ್ನುವ ಕಡೆ ಹಾರಿಸಿ ಓದು.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಬಾಯಿಬಡುಕಿ

ತಾ.ಕ.: ಈ ತಾ.ಕ. ಮಾತ್ರ ಅಪ್ಪನಿಗೆ ಓದಿ ಹೇಳಬೇಡ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುವಾಗ ಅತ್ತೆ, ಕೆಳಗಿನ ಮಹಡಿಯ ಮನೆ ಖಾಲಿಯಾಗುತ್ತಂತಲ್ಲ ಅಂತ ಸುಮ್ಮನೆ ಮಾತಿಗೆ ಅಂದರು. ಅವರು ಬೀದಿ ತಿರುಗುವ ಮೊದಲೇ ನಾನು ಮಾಲೀಕರ ಬಾಗಿಲು ತಟ್ಟಿ, ಇನ್ಯಾರಿಗೂ ಕೊಡಬೇಡಿ ಅಂತ ಹೇಳಿಬಂದೆ. ಇವರಿಗೂ ಇನ್ನೂ ಹೇಳಿಲ್ಲ. ಮದುವೆಯಾಗಿ ಇಷ್ಟು ಬೇಗ ಅತ್ತೆಯನ್ನು ಹತ್ತಿರ ಕರೆದುಕೊಳ್ಳುವ ಹುಚ್ಚಿ ಎಲ್ಲಾದರೂ ಇದ್ದಾಳಾ ಅಂತ ನೀನು ನಗುತ್ತೀಯ. ಏನು ಮಾಡಲಿ ಅಮ್ಮ, ಇವರು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡರೆ ನಿನ್ನ ನೆನಪಾಗಿ ಅಳು ಬರುತ್ತಿತ್ತು. ಈ ನಾಲ್ಕು ದಿನ ಹಾಗೆ ಅತ್ತಿಲ್ಲ.