ರೈಲಿಗೆ ಮುಂಚೆ ಕೋಟೆ

ರೀ,

ಗಾಬರಿಯಾಗಬೇಡಿ, ಕೋಟೆ ನೋಡಲು ಹೊರಟೆ. ರಾತ್ರಿಯೆಲ್ಲ ಹೊರಳಾಡಿದೆ, ಈ ಲಾಡ್ಜಿನ ಕೋಣೆಯಲ್ಲಿ ಇನ್ನು ಕೂರಲಾರೆ.

ಮಾತ್ರೆ ಮೇಜಿನ ಮೇಲಿದೆ, ತಿಂಡಿಯಾದ ಮೇಲೆ ನುಂಗಿ. ಒದ್ದೆ ಟವೆಲನ್ನು ಪೆಟ್ಟಿಗೆಗೆ ತುರುಕಬೇಡಿ. ರೈಲು ಮಧ್ಯಾಹ್ನಕ್ಕೆ.

ಮದುವೆಯಾದ ಮೇಲೆ ಮೊದಲ ಸಲ ಊರು ನೋಡಲು ಬಂದಿದ್ದೇವೆ. ನಿನ್ನೆ ಅರಮನೆಯಲ್ಲಿ ನೀವು ನಮ್ಮ ಟೈಲರ್ ಅಂಗಡಿಯ ಹುಡುಗನಿಗೆ ಫೋನ್ ಹಚ್ಚಿ, "ತೋಳು ಬಿಚ್ಚಿ ಮತ್ತೆ ಹೊಲಿಯೋ ಮಾರಾಯ!" ಎಂದು ಕೂಗುತ್ತಲೇ ಇದ್ದಿರಿ. ಗೈಡ್ ನನ್ನನ್ನು, "ಒಬ್ಬರೇ ಬಂದಿದ್ದೀರಾ ಅಮ್ಮಾ?" ಎಂದು ಕೇಳಿದ. ಹೌದು ಎಂದುಬಿಟ್ಟೆ.

ಕೋಟೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾಯುತ್ತೇನೆ, ಬನ್ನಿ. ಎರಡು ದಿನ ನೀವಿಲ್ಲದೆಯೂ ಅಂಗಡಿ ನಡೆಯುತ್ತದೆ. ನನಗೆ ಒಬ್ಬಳೇ ನಡೆದು ಸಾಕಾಗಿದೆ.