ಟೊಲೆಡೊದಲ್ಲಿ ಕಂಡ ಅರುಂಧತಿ

ಮಾವನವರೇ,

ಟೊಲೆಡೊದ ಆ ರಾತ್ರಿ ನಿಮಗೆ ನೆನಪಿದೆಯೇ? ಈಸ್ಟರ್ ರಜೆಗೆ ನಿಮ್ಮ ಮಗ ನಮ್ಮೆಲ್ಲರನ್ನೂ ಲಂಡನ್ನಿನ ಹ್ಯಾರೋದಿಂದ ಸ್ಪೇನಿಗೆ ಕರೆದುಕೊಂಡು ಹೋಗಿದ್ದರು. ಅವರೂ ಮಗಳೂ ಮಲಗಿದ್ದರು. ನೀವು ಮಂಕಿ ಕ್ಯಾಪ್ ಹಾಕಿಕೊಂಡು, ಹಲ್ಲಿನ ಸೆಟ್ಟನ್ನು ಕೋಟಿನ ಜೇಬಿಗಿಳಿಸಿ, "ಒಂದ್ ಸುತ್ತು ಬರೂಣೇನವಾ" ಅಂದಿರಿ. ಹಲ್ಲಿನ ಡಾಕ್ಟರ್ ಸೊಸೆಯ ಕಣ್ಣೆದುರಿಗೇ ಹಲ್ಲು ಜೇಬಿಗಿಡುವ ಧೈರ್ಯ ನಿಮ್ಮೊಬ್ಬರಿಗೇ ಇತ್ತು.

ಆದರೆ ನಾನೆಲ್ಲಿಯ ಡಾಕ್ಟರ್? ನೀವು ಊರಿನಿಂದ ಹ್ಯಾರೋಗೆ ಬಂದ ಮೊದಲ ವಾರವೇ ಕೇಳಿದ್ದಿರಿ, ನಿನ್ನ ಕ್ಲಿನಿಕ್ ಎಲ್ಲಿ ಅಂತ. ಇಲ್ಲಿನ ಪರೀಕ್ಷೆ ಪಾಸಾಗದೆ ಧಾರವಾಡದ ಡಿಗ್ರಿ ನಡೆಯುವುದಿಲ್ಲ, ಪರೀಕ್ಷೆಗೆ ಸೀಟು ಸಿಕ್ಕಾಗ ಮಗಳು ಚಿಕ್ಕವಳು, ಆಮೇಲೆ ಮನೆ ಕೊಂಡೆವು, ಆಮೇಲೆ... ನಿಮ್ಮ ಮಗ ಕೆಟ್ಟವರಲ್ಲ. ಬೇಡ ಅಂತ ಒಮ್ಮೆಯೂ ಅಂದಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಯಾರೂ ಬೀಗ ಹಾಕಿಲ್ಲ, ಹಾಗಿರುವಾಗ ಕೀಲಿ ಯಾರನ್ನು ಕೇಳಲಿ? ಅಂಗಡಿಯ ಹುಡುಗಿ ನಕ್ಕರೆ ಅವಳ ಹುಳುಕು ಹಲ್ಲು ಮೊದಲು ಕಾಣುತ್ತದೆ, ಕೈ ತುರಿಸುತ್ತದೆ. ಮನೆಗೆ ಬಂದು ಅದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತೇನೆ.

ಆ ಊರಿನ ಓಣಿಗಳೋ, ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಇಕ್ಕಟ್ಟು. ಎಷ್ಟು ತಿರುಗಿದರೂ ಮತ್ತೆ ಅದೇ ಮೊಳೆ ಬಡಿದ ಹಳೇ ಬಾಗಿಲ ಮುಂದೆ ಬಂದು ನಿಲ್ಲುತ್ತಿದ್ದೆವು. ಫೋನು ರೂಮಿನಲ್ಲಿತ್ತು. ನಿಮ್ಮ ಮಗ ಎದ್ದುಬಿಟ್ಟರೆ, ಹೇಳದೆ ಬಂದೆನಲ್ಲ ಅಂತ ನಾನು ಹೆಜ್ಜೆ ಜೋರು ಮಾಡುತ್ತಿದ್ದೆ. ನೀವು ಮಾತ್ರ ಗೋಡೆಗೊರಗಿ ತಲೆಯೆತ್ತಿ, ಇಲ್ಲಿ ಚುಕ್ಕಿ ಅದಾವಲ್ಲ ಅಂದಿರಿ. ಹ್ಯಾರೋದಲ್ಲಿ ಹೀತ್ರೋಗೆ ಇಳಿಯುವ ವಿಮಾನಗಳನ್ನೇ ಚುಕ್ಕಿಯೆಂದುಕೊಂಡು ಮೋಸಹೋಗಿದ್ದವರು ನೀವು.

ಕೊನೆಗೆ ಹೊಳೆ ಕಾಣುವ ಒಂದು ಕಟ್ಟೆ ಸಿಕ್ಕಿತು, ಕೂತೆವು. ಅಲ್ಲಿ ಕತ್ತಲೆ ಚೆನ್ನಾಗಿತ್ತು. ನೆತ್ತಿಯ ಮೇಲೆ ಸಪ್ತರ್ಷಿಗಳು, ವಸಿಷ್ಠನ ಪಕ್ಕದಲ್ಲಿ ಸಣ್ಣದಾಗಿ ಅರುಂಧತಿ. ಮದುವೆಯಲ್ಲಿ ಕಂಡಿತ್ತೇನು ನಿನಗೆ ಅಂತ ಕೇಳಿದಿರಿ. ಎಲ್ಲಿ ಕಾಣಬೇಕು ಅಂತ ಹೇಳಿದೆ. ಮಟಮಟ ಮಧ್ಯಾಹ್ನ ಕಲ್ಯಾಣಮಂಟಪದ ಹೊರಗೆ ನಿಲ್ಲಿಸಿ, ಭಟ್ಟರು ಹೇಳಿದ ಕಡೆಗೆ ನಿಮ್ಮ ಮಗ ಬೆರಳು ತೋರಿಸಿದರು. ಬರೀ ಬಿಸಿಲು. ಕಂಡಿತು ಅನ್ನು ಎಂದು ಎಲ್ಲರೂ ಪಿಸುಗುಟ್ಟಿದರು, ನಾನೂ ಕಂಡಿತು ಅಂದುಬಿಟ್ಟೆ. ಇಲ್ಲ ಅಂದಿದ್ದರೆ ಊಟ ತಡವಾಗುತ್ತಿತ್ತು.

ನೀವು ಬೊಚ್ಚುಬಾಯಲ್ಲಿ ನಕ್ಕಿರಿ. ಆಮೇಲೆ ನಗಲಿಲ್ಲ. "ನಿಮ್ಮತ್ತಿನೂ ಕಂಡಿತು ಅಂದಿದ್ಲು. ಸಾಯೂತನಾ ಎಲ್ಲಾದಕ್ಕೂ ಹಂಗ ಅಂದ್ಲು. ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ. ನೀ ಹಂಗ ಮಾಡಬ್ಯಾಡ. ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ನು."

ನನಗೆ ಅಳು ಬಂತು. ನೀವು ಹೊಳೆಯ ಕಡೆ ನೋಡುತ್ತ ಕೂತಿರಿ.

ಊರಿಗೆ ಹೋದವರು ಆ ದೀಪಾವಳಿಯನ್ನೂ ಕಾಣದೆ ಕಣ್ಣುಮುಚ್ಚಿಬಿಟ್ಟಿರಿ. ಸಿಟ್ಟು ಬಂತು ನನಗೆ ನಿಮ್ಮ ಮೇಲೆ. ಕಾಣಲಿಲ್ಲ ಅನ್ನು ಎಂದು ಹೇಳಿಕೊಟ್ಟು, ಅನ್ನುವಾಗ ಬೆನ್ನಿಗಿರಬೇಡವೇ? ಮತ್ತೆ ಹೂಂ, ಮತ್ತೆ ಮುಂದಿನ ವರ್ಷ. ಒಬ್ಬಳೇ ಯಾವ ಬಲದ ಮೇಲೆ...

ಈಗ ಸುದ್ದಿ ಕೇಳಿ. ಹೌನ್ಸ್ಲೋದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ. ಡಾಕ್ಟರ್ ಅಲ್ಲ, ಡಾಕ್ಟರಿಗೆ ಇಕ್ಕಳ ಎತ್ತಿಕೊಡುವ ನರ್ಸ್. ಅಲ್ಲಿದ್ದುಕೊಂಡೇ ಪರೀಕ್ಷೆಗೆ ಓದುತ್ತೇನೆ. ಊಟಕ್ಕೆ ಕೂತಾಗ ಹೇಳಿದೆ. ನಿಮ್ಮ ಮಗ ತಟ್ಟೆ ಸರಿಸಿದರು. ದೊಡ್ಡಾಸ್ಪತ್ರೆಯ ಕನ್ಸಲ್ಟೆಂಟ್ ಡಾಕ್ಟರನ ಹೆಂಡತಿ ನರ್ಸ್ ಆದರೆ ಯುಗಾದಿಗೆ ಸೇರುವ ನಾಲ್ಕು ಜನ ಡಾಕ್ಟರುಗಳ ಎದುರು ಮುಖ ಹೇಗೆ ತೋರಿಸಲಿ ಎಂದರು. "ಇಟ್ಸ್ ಎ ಜಾಬ್, ಡ್ಯಾಡ್" ಅಂದಳು ಮೊಮ್ಮಗಳು. ಮುಂದಿನ ವರ್ಷ ನೋಡೋಣ ಎಂದರು. ನಾನು ಹೂಂ ಅನ್ನಲಿಲ್ಲ. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಹೆದರಿಕೆಗೆ ನನಗೆ ಊಟವೂ ಸೇರುತ್ತಿಲ್ಲ.

ನಿನ್ನೆ ಅವರೇ ಬಾಯಿಬಿಟ್ಟರು. "ಅಪ್ಪಾ ಇರಬೇಕಾಗಿತ್ತು. ನಿನಗ ನಾಕ ಬುದ್ಧಿಮಾತು ಹೇಳ್ತಿದ್ದ."

"ಹೇಳೇ ಹೋಗ್ಯಾರ್ರಿ," ಅಂದೆ. "ಸೋಮವಾರ ಕೆಲಸಕ್ಕ ಹೊಂಟೀನಿ."

ನಿಮ್ಮ ಸೊಸೆ