ನಡುಬಾಗಿಲ ಕುರ್ಚಿ

ಎರಡು ಕೋಣೆಗೂ ಒಬ್ಬರೇ ಆಗಿದ್ದ ನನ್ನ ಮೇಷ್ಟ್ರಿಗೆ, ಕನ್ನಡದ ಕಡೆ ಕೂತು ಕಲಿತ ಕೊಟ್ರೇಶಿಯ ಶರಣು.

ನೀವು ಹೋದ ದಿನ ಬಿಸಿಯೂಟದ ಹನುಮಕ್ಕ ಅಡುಗೆ ಕೋಣೆಯಿಂದಲೇ ಕೂಗಿದಳಂತೆ, "ಸಾರು ಕುದ್ದು ಕುದ್ದು ಬತ್ತಾಕತ್ತೈತ್ರಿ ಮೇಷ್ಟ್ರೆ, ಗಂಟಿ ಹೊಡಸ್ರಿ." ನೀವು ಮಾತಾಡಲಿಲ್ಲ. ಆಕೆ ಸೌಟು ಹಿಡಿದುಕೊಂಡೇ ಬಂದು ನೋಡಿದರೆ, ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ, ನಿಮ್ಮ ಕುರ್ಚಿಯಲ್ಲಿ, ಗದ್ದವನ್ನು ಎದೆಗೆ ಆನಿಸಿ ಕೂತಿದ್ದೀರಿ. ಎಡಗಡೆ ಕನ್ನಡ ಮಾಧ್ಯಮದ ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಬಲಗಡೆ ಇಂಗ್ಲಿಷ್ ಮಾಧ್ಯಮದ ಮಕ್ಕಳೂ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಹನುಮಕ್ಕ ಕೈ ಮುಟ್ಟಿ ನೋಡಿದಳು. ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. "ಅಯ್ಯೋ ನಿಮ್ಮ, ಒಬ್ರಾದ್ರೂ ಕರದು ನೋಡಬಾರದಾ?" ಎಂದು ಆಕೆ ಚೀರಿದಾಗ ಕನ್ನಡದ ಕಡೆಯವರು, "ಸಾರ್ ಆ ಕಡಿ ನೋಡಾಕತ್ಯಾರ ಅನ್ಕಂಡಿದ್ವಿ" ಎಂದರು. ಆ ಕಡೆಯವರೂ ಅದನ್ನೇ ಎಂದರು. ಒಂದು ಕೋಣೆಯನ್ನು ನೋಡುವಾಗ ಇನ್ನೊಂದು ಕೋಣೆಯವರು ಕರೆಯಬಾರದು. ನಿಮ್ಮದೇ ಕಟ್ಟಳೆ ಅಲ್ಲವೇ ಮೇಷ್ಟ್ರೇ? ಮಕ್ಕಳು ಅದೊಂದನ್ನು ಚೆನ್ನಾಗಿ ಕಲಿತಿದ್ದರು.

ನಾನು ನಿಮ್ಮ ಕೈಕೆಳಗೆ ಓದುವಾಗ ಆ ಬಾಗಿಲಿಗೆ ಚಿಲಕ ಹಾಕಿರುತ್ತಿತ್ತು. ನೆನಪಿದೆಯೇ? ಬಿಳಿಯರ ಕಾಲದ, ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿದ್ದಾಗಿನ ಶಾಲೆ. ದಪ್ಪ ಕಲ್ಲುಗೋಡೆ. ಈ ಕೋಣೆ ಕನ್ನಡಕ್ಕೆ, ಆ ಕೋಣೆ ತೆಲುಗಿಗೆ. ಒಂದೊಂದು ಬಾಗಿಲ ನೆತ್ತಿಯ ಕಲ್ಲಿನಲ್ಲಿ ಒಂದೊಂದು ಲಿಪಿ. ಬಿಳಿಯರು ಎಷ್ಟೇ ಕೆಟ್ಟವರಿರಲಿ, ಎರಡು ಭಾಷೆಗೆ ಇಬ್ಬರು ಮೇಷ್ಟ್ರು ಬೇಕು ಎನ್ನುವಷ್ಟು ಅವರಿಗೆ ತಿಳಿದಿತ್ತು. ಆಮೇಲೆ ತೆಲುಗು ಮೇಷ್ಟ್ರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಮಕ್ಕಳು ದಿನವೆಲ್ಲ ಕಿಟಕಿಗೆ ಜೋತು ಬೀಳುವುದನ್ನು ನೋಡಲಾಗದೆ ನೀವು ಚಿಲಕ ತೆಗೆದಿರಿ. ಕುರ್ಚಿ ತಂದು ಹೊಸ್ತಿಲ ಮೇಲೆ ಇಟ್ಟಿರಿ, ಎರಡು ಕಾಲು ಈ ಕೋಣೆಯಲ್ಲಿ, ಎರಡು ಕಾಲು ಆ ಕೋಣೆಯಲ್ಲಿ. ಸಂತೆಯಲ್ಲಿ ಕಲಿತ ತೆಲುಗು ಆ ಕಡೆಗೆ, ಪುಸ್ತಕದ ಕನ್ನಡ ಈ ಕಡೆಗೆ.

ನಮ್ಮಜ್ಜಿ ಆ ದಿನ ನನಗೆ ರೊಟ್ಟಿ ಕೊಡಲು ಬಂದವಳು ನಿಮ್ಮನ್ನು ನೋಡಿ ನಿಂತುಬಿಟ್ಟಳು. "ಹೊಸ್ತಿಲ ಮ್ಯಾಲೆ ಕುಂದರಬಾರ್ದಪ್ಪಾ ಮೇಷ್ಟ್ರ. ಅಲ್ಲಿ ಕುಂತಾವ ಒಳಗಿನವರಿಗೂ ಅಲ್ಲ, ಹೊರಗಿನವರಿಗೂ ಅಲ್ಲ." ನೀವು ನಕ್ಕು, "ನಾ ಕುಂತಿರೋದು ಕುರ್ಚಿ ಮ್ಯಾಲೆ ಬೇ ಯವ್ವಾ. ಹೊಸ್ತಿಲ ಮ್ಯಾಲೆ ಕುಂತಿರೋದು ಕುರ್ಚಿ. ಶನಿ ಹಿಡದ್ರ ಅದಕ್ಕ ಹಿಡೀಲಿ" ಎಂದಿರಿ. ಎರಡೂ ಕೋಣೆ ನಕ್ಕವು. ಅಜ್ಜಿ ಮಾತ್ರ ನಗಲಿಲ್ಲ.

ತೆಲುಗಿನ ಮಕ್ಕಳು ಕರಗಿ ಹೋದ ಮೇಲೆ ಅದೇ ಕೋಣೆಗೆ ಇಂಗ್ಲಿಷ್ ಬಂತಲ್ಲ, ಆ ದಿನದ ಬಲೂನುಗಳನ್ನು ನಾನು ಮರೆತಿಲ್ಲ. ಬಾಗಿಲಿಗೆ ಬಲೂನಿನ ಕಮಾನು, ತಾಯಂದಿರಿಗೆ ಹೊಸ ಸೀರೆ, ಮಕ್ಕಳ ಕೊರಳಿಗೆ ಟೈ. ತಾಲೂಕಿನ ಶಿಕ್ಷಣ ಇಲಾಖೆಯ ಸಾಹೇಬರು ಬಂದು ರಿಬ್ಬನ್ ಕತ್ತರಿಸಿ, "ಮುಂದಿನ ವಾರ ಇಂಗ್ಲಿಷ್ ಟೀಚರ್ ಬರ್ತಾರೆ" ಎಂದು ಹೋದರು. ಬಲೂನುಗಳ ಗಾಳಿ ಹೋಯಿತು, ಟೈಗಳು ಮೂಗು ಒರೆಸಲು ಬಂದವು, ಮುಂದಿನ ವಾರ ಮಾತ್ರ ಬರಲಿಲ್ಲ. ನೀವು ಮತ್ತೆ ಕುರ್ಚಿಯಲ್ಲಿ ಬಲಕ್ಕೆ ತಿರುಗಿ "ವಾಟರ್" ಎಂದಿರಿ, ಎಡಕ್ಕೆ ತಿರುಗಿ "ನೀರು" ಎಂದಿರಿ. ಊರವರಿಗೆ ಏನು ಹೆಮ್ಮೆ! "ನಮ್ಮ ಮೇಷ್ಟ್ರು ಗಿರಣಿ ಇದ್ದಂಗ. ಜ್ವಾಳ ಹಾಕಿದ್ರ ಜ್ವಾಳ, ಗೋಧಿ ಹಾಕಿದ್ರ ಗೋಧಿ."

ಹಿಟ್ಟು ಹೇಗಿತ್ತು ಎಂದು ಯಾರೂ ಕೈಯಲ್ಲಿ ಹಿಡಿದು ನೋಡಲಿಲ್ಲ. ನಿಮ್ಮ ಮುಂದೆ ಈಗಲಾದರೂ ನಿಜ ಹೇಳಬಹುದಲ್ಲ? ಒಮ್ಮೆ ನಾನು ನಿಮ್ಮನ್ನು ನೋಡಲು ಬಂದಾಗ ಇಂಗ್ಲಿಷ್ ಕೋಣೆಯ ಹುಡುಗನೊಬ್ಬನಿಗೆ ವಾಟರ್ ಅಂದರೆ ಏನಪ್ಪಾ ಎಂದೆ. "ಅದನ್ನ ಆ ಕೋಣ್ಯಾಗ ಕಲಿಸ್ತಾರ್ರಿ" ಎಂದ. ನೀವು ಕೇಳಿಸಿಕೊಂಡಿರಿ. ಕನ್ನಡಕ ತೆಗೆದು ಒರೆಸಿದಿರಿ, ಬಹಳ ಹೊತ್ತು ಒರೆಸಿದಿರಿ. ಅರ್ಧ ಗುರು ಸಿಕ್ಕರೆ ಅರ್ಧ ವಿದ್ಯೆಯಾದರೂ ಬರುತ್ತದೆ ಎಂದುಕೊಂಡಿದ್ದಿರಿ. ಬಂದದ್ದು ಕಾಲು.

ಆ ವರ್ಷವೇ ಅಲ್ಲವೇ ನೀವು ನನ್ನನ್ನು ಜತೆಗೆ ಕರೆದುಕೊಂಡು, ಇನ್ನೊಬ್ಬ ಟೀಚರನ್ನು ಕೇಳಲು ಸಾಹೇಬರ ಆಫೀಸಿಗೆ ಹೋದದ್ದು? ನಾನು ಆಗ ಹಗರಿಬೊಮ್ಮನಹಳ್ಳಿ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ಸಾಹೇಬರು ಚಹಾ ತರಿಸಿದರು. "ಮೇಷ್ಟ್ರೆ, ನಿಮ್ಮ ಸಾಲ್ಯಾಗ ಏನ್ ತೊಂದ್ರಿ ಐತಿ ಹೇಳ್ರಿ? ಗದ್ಲ ಐತೇನು? ಇಲ್ಲ. ಪಾಲಕರು ಬಂದು ಬೈದಾರೇನು? ಇಲ್ಲ. ನೀವು ಚಂದ ನಡಸಾಕತ್ತೀರಿ. ಮೊದಲು ನಡೀದ ಸಾಲಿಗೆ ಕೊಡೋಣು."

"ನಡೀತೈತಿ ಸಾಹೇಬ್ರ, ಆದ್ರ ಕುಂಟತೈತಿ."

"ಕುಂಟತೈತಿ ಅಂದ್ರ ನಡೀತೈತಿ ಅಂತಾತಲ್ರಿ!" ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. ನೀವೂ ನಕ್ಕಿರಿ. ನೀವು ಯಾಕೆ ನಕ್ಕಿರಿ ಮೇಷ್ಟ್ರೇ?

ಬಸ್ಸಿನಲ್ಲಿ ಬರುವಾಗ ನಮ್ಮಜ್ಜಿಯದೇ ಕತೆಯನ್ನು ನನಗೇ ಹೇಳಿದಿರಿ. ಒಬ್ಬ ಗೌಡನ ಜೋಡೆತ್ತಿನಲ್ಲಿ ಒಂದು ಸತ್ತಿತು. ಉಳಿದದ್ದು, ನೊಗದ ಆ ತುದಿ ನೆಲಕ್ಕೆ ಬೀಳದ ಹಾಗೆ ಕತ್ತು ಅಡ್ಡ ಮಾಡಿ, ಗಾಡಿಯನ್ನು ಒಂದೇ ಎಳೆಯಿತು. ಗೌಡ ಹೆಂಡತಿಗೆ, "ನೋಡಿದೇನ, ಇಷ್ಟು ವರ್ಷ ಇನ್ನೊಂದಕ್ಕ ಸುಮ್ನ ಮೇವು ಹಾಕಿದ್ವಿ" ಎಂದನಂತೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಮುಂದಿನ ಸೀಟಿನವರೂ ತಿರುಗಿ ನಕ್ಕರು. ಎತ್ತು ಕಡೆಗೆ ಏನಾಯಿತು ಎಂದು ನೀವು ಹೇಳುವ ಮೊದಲೇ ನಮ್ಮೂರ ಸ್ಟಾಪ್ ಬಂತು...

ನಿಮಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಹೂವಿನಹಡಗಲಿಯಿಂದ ಮಲ್ಲಿಗೆ ಹಾರ ತರಿಸಿದ್ದರು. ನಿಮ್ಮ ಫೋಟೊಕ್ಕೆ ಒಂದು, ಕುರ್ಚಿಗೆ ಒಂದು. ಕುರ್ಚಿಯದೇ ದೊಡ್ಡದು. ಸಾಹೇಬರು ಮೈಕ್ ಹಿಡಿದು, "ಒಬ್ಬ ಶಿಕ್ಷಕ, ಎರಡು ಮಾಧ್ಯಮ. ಇದು ಇಡೀ ತಾಲೂಕಿಗೆ ಮಾದರಿ" ಎಂದರು. ಚಪ್ಪಾಳೆ ಬಿತ್ತು. ಮಾತಿಗೆ ಹೇಳಿದರು ಎಂದುಕೊಂಡೆ. ತಿಂಗಳು ಕಳೆಯುವುದರೊಳಗೆ ಕಾನಹೊಸಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ನಮ್ಮಂಥದೇ ಹಳೇ ಕಟ್ಟಡದಲ್ಲಿ, ನಿಮ್ಮ ಮಾದರಿ ಶುರುವಾಯಿತು. ಅಲ್ಲಿ ಎರಡು ಮಾಧ್ಯಮಕ್ಕೂ ಇಬ್ಬರು ಶಿಕ್ಷಕರಿದ್ದರು. ಕೋಣೆಗಳ ನಡುವೆ ಬಾಗಿಲಿರಲಿಲ್ಲ. ಗಾರೆಯವರನ್ನು ಕರೆಸಿ ಗೋಡೆ ಒಡೆಸಿದರು, ಬಾಗಿಲು ಮಾಡಿಸಿದರು, ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿದರು. ಆಮೇಲೆ ಇಬ್ಬರಲ್ಲಿ ಒಬ್ಬರನ್ನು ಎತ್ತಿಕೊಂಡು ಹೋಗಿ ಆಫೀಸಿನ ಕೆಲಸಕ್ಕೆ ಹಾಕಿಕೊಂಡರು. ನೀವು ಬದುಕಿದ್ದಾಗ ನಮ್ಮ ಶಾಲೆಗೆ ಒಬ್ಬ ಮೇಷ್ಟ್ರನ್ನು ತರಲು ನಿಮ್ಮಿಂದಾಗಲಿಲ್ಲ. ಸತ್ತು ಇನ್ನೊಂದು ಶಾಲೆಯ ಮೇಷ್ಟ್ರನ್ನು ಕಳೆದಿರಿ.

ನಿಮ್ಮ ಜಾಗಕ್ಕೆ ಅತಿಥಿ ಶಿಕ್ಷಕನಾಗಿ ನಾನೇ ಬಂದೆ. ಮೊದಲ ದಿನ ಊರ ಹಿರಿಯರು ಕುರ್ಚಿಗೆ ಊದುಬತ್ತಿ ಹಚ್ಚಿ, "ಗುರುವಿನ ಗಾದಿ ಐತಿ, ಕುಂದರಪಾ ಕೊಟ್ರೇಶಿ" ಎಂದರು. ಕುಳಿತೆ. ಎಡಕ್ಕೆ ತಿರುಗಿದರೆ ಕನ್ನಡ, ಬಲಕ್ಕೆ ತಿರುಗಿದರೆ ಇಂಗ್ಲಿಷ್. ಕತ್ತು ನೋಯುತ್ತದೆಂದು ನೇರ ನೋಡಿದೆ. ನೇರಕ್ಕೆ ಇರುವುದು ಬಾಗಿಲ ಚೌಕಟ್ಟು. ಅಷ್ಟು ವರ್ಷ ನೀವು ನೋಡಿದ್ದು ಅದನ್ನೇ? ಗೆದ್ದಲು ತಿಂದ ಆ ಮರವನ್ನೇ ನೋಡುತ್ತ ನೀವು...

ಮರುದಿನ ಕುರ್ಚಿ ಎತ್ತಿ ಕನ್ನಡದ ಕೋಣೆಗೆ ತಂದೆ. ನಡುಬಾಗಿಲು ಹಾಕಿ ಚಿಲಕ ಜಡಿದೆ. ಆ ಕಡೆ ಮೊದಲು ಸುಮ್ಮನಿದ್ದರು, ನೀವು ಕಲಿಸಿದ ಕಟ್ಟಳೆ. ಆಮೇಲೆ ಗದ್ದಲ, ಆಮೇಲೆ ಹೊಡೆದಾಟ. ಒಬ್ಬನ ಹಣೆ ಒಡೆಯಿತು. ಹನುಮಕ್ಕ ಅರಿಶಿನ ಒತ್ತಿ, ನನ್ನ ಕಡೆ ಉಗುಳುವಂತೆ ನೋಡಿದಳು. ಪಾಲಕರು ಬಂದರು. ನನ್ನ ಜತೆಗೇ ಓದಿದ ಬಸಣ್ಣ ಮುಂದೆ ನಿಂತಿದ್ದ. ಅವನ ಮಗಳು ಆ ಕೋಣೆಯವಳು.

"ಲೇ ಕೊಟ್ರ, ನಮ್ಮ ಹುಡುಗ್ರು ನಿನಗೇನು ಅನ್ಯಾಯ ಮಾಡ್ಯಾವಲೇ?"

"ಏನೂ ಇಲ್ಲ. ಅವರ ಟೀಚರ್ ಇನ್ನೂ ಬಂದಿಲ್ಲ."

"ದೊಡ್ಡ ಮೇಷ್ಟ್ರು ಎರಡೂ ಕಡಿ ಮಾಡ್ತಿದ್ದಿಲ್ಲೇನು?"

"ಮಾಡ್ತಿದ್ರು. ಅದಕ್ಕ ಯಾರೂ ಬರಲಿಲ್ಲ. ಸತ್ರೂ ನಿಮ್ಮ ಹುಡುಗ್ರಿಗೆ ಗೊತ್ತಾಗಲಿಲ್ಲ."

"ಗುರುದ್ರೋಹಿ ಅದೀ ನೀನು" ಎಂದ. ನಾನು ಇಲ್ಲ ಎನ್ನಲಿಲ್ಲ. "ನನ್ನ ಬೈದ್ರ ಕೇಳಾವ ನಾನೊಬ್ಬನ. ಬೈಯೋದಿದ್ರ ಗೇಟಿಗೆ ಬೀಗ ಹಾಕಿ ಬೈರಿ. ಸಾಹೇಬ್ರಿಗೂ ಕೇಳ್ಲಿ" ಎಂದೆ.

ಅವರಿಗೆ ಸಿಟ್ಟು ನನ್ನ ಮೇಲೇ ಇತ್ತು, ಬೀಗ ಹಾಕುವಷ್ಟು ಇನ್ನೂ ಬೆಳೆದಿರಲಿಲ್ಲ. ಅದು ಬೆಳೆಯುವ ತನಕ ಬಸಣ್ಣನ ಮಗಳು ಮುಚ್ಚಿದ ಬಾಗಿಲು ಬಡಿಯುತ್ತಿದ್ದಳು. "ಸಾರ್, ಕೆ ಆದ್ಮ್ಯಾಲೆ ಏನ್ರೀ?" ಒಂದು ಅಕ್ಷರ ಮೇಷ್ಟ್ರೇ. ನಾಲಿಗೆ ತುದಿಯಲ್ಲಿತ್ತು. ನೀವಾಗಿದ್ದರೆ ಬಾಗಿಲು ತೆಗೆಯುತ್ತಿದ್ದಿರಿ, ಎತ್ತಿಕೊಂಡು ಕೈಹಿಡಿದು ಬರೆಸುತ್ತಿದ್ದಿರಿ. ನಾನು ಈ ಕಡೆಯವರಿಗೆ ಜೋರಾಗಿ ಮಗ್ಗಿ ಹೇಳಿಸಿದೆ, ಅವಳ ದನಿ ಮುಳುಗುವಷ್ಟು ಜೋರಾಗಿ.

ಕಡೆಗೂ ಊರವರು ಗೇಟಿಗೆ ಬೀಗ ಹಾಕಿದರು. ಹನುಮಕ್ಕ ಒಲೆ ಹಚ್ಚದೆ, ಹಾಕಿದ ಗೇಟಿನ ಮುಂದೆ ಸೌಟು ಹಿಡಿದು ಕೂತಳು. ಸಾಹೇಬರು ಜೀಪಿನಲ್ಲಿ ಬಂದರು, ನನ್ನನ್ನು ಮೂಲೆಗೆ ಕರೆದು, "ನಿಮ್ಮ ಗುರುಗಳ ಹೆಸರಿಗೆ ಮಸಿ ಬಳದ್ರಿ" ಎಂದರು. ಆದರೆ ನೋಡಿ, ಬರೀ ಒಂದು ಬೀಗಕ್ಕೆ ಅದೇ ವಾರ ಟೀಚರ್ ಬಂದರು! ಹರಪನಹಳ್ಳಿಯ ಹೆಣ್ಣುಮಗಳು, ವಿಜಯಲಕ್ಷ್ಮಿ ಎಂದು ಹೆಸರು. ಇಂಗ್ಲಿಷ್ ಬರುತ್ತದೆ, ಚೆನ್ನಾಗಿ ಬರುತ್ತದೆ. ವಾಟರ್ ಅಂದರೆ ನೀರು ಎಂಬುದು ಈಗ ಆ ಕೋಣೆಗೂ ಗೊತ್ತು. ಬಸಣ್ಣನ ಮಗಳು ಕೆ ದಾಟಿ ಎಷ್ಟೋ ಮುಂದೆ ಹೋಗಿದ್ದಾಳೆ. ನಾನು ಎದುರಿಗೆ ಬಂದರೆ ನಮಸ್ತೆ ಎನ್ನುವುದಿಲ್ಲ. ಇರಲಿ.

ನಿಮಗೆ ಮುಟ್ಟಿಸಬೇಕಾದ ಸುದ್ದಿ ಇಷ್ಟೇ ಆಗಿದ್ದರೆ ಪೆನ್ನು ಇಲ್ಲಿಗೇ ಮುಚ್ಚುತ್ತಿದ್ದೆ. ಟೀಚರ್ ಬಂದ ದಿನ ನಾನು ಖುಷಿಯಲ್ಲಿ ನಡುಬಾಗಿಲು ತೆಗೆದು ಅವರಿಗೆ ಎಲ್ಲ ತೋರಿಸಿದೆ. ಅವರ ಕಣ್ಣು ನಿಮ್ಮ ಕುರ್ಚಿಯ ಮೇಲೆ ನಿಂತಿತು. "ಇದೇ ಏನ್ರಿ ಸಾರ್ ಅದು? ನಮ್ಮ ಸಾಲ್ಯಾಗೂ ಇಂಥದೇ ಹಾಕ್ಸಿದ್ರು. ನಾನೂ ಅದರ ಮ್ಯಾಲೇ ಕುಂದರ್ತಿದ್ದೆ." ಗೋಡೆ ಒಡೆದ ಆ ಹಳ್ಳಿಯಲ್ಲಿ ಉಳಿದಿದ್ದ ಒಬ್ಬರು ಇವರೇ.

"ಹಂಗಾದ್ರ ಈಗ ಅಲ್ಲಿ ಯಾರದಾರ್ರಿ?"

"ಕುರ್ಚಿ ಐತ್ರಿ ಸಾರ್" ಎಂದರು.

ಬರುವ ಭಾನುವಾರ ಆ ಊರಿಗೆ ಹೋಗುತ್ತೇನೆ ಮೇಷ್ಟ್ರೇ. ನಮ್ಮ ಗೇಟಿಗೆ ಹಾಕಿದ್ದ ಬೀಗವನ್ನು ಬಸಣ್ಣನಿಂದ ಇಸಿದುಕೊಂಡು ಚೀಲದಲ್ಲಿ ಇಟ್ಟಿದ್ದೇನೆ. ಅಲ್ಲಿನವರು ಅದನ್ನು ಹಾಕುತ್ತಾರೆ, ಹಾಕುವ ತನಕ ನಾನು ಅಲ್ಲಿಂದ ಏಳುವುದಿಲ್ಲ. ಅಲ್ಲಿಗೂ ಒಬ್ಬರನ್ನು ಕಳಿಸುತ್ತಾರೆ. ಸದ್ದಿಲ್ಲದೆ ನಡೆಯುತ್ತಿರುವ ಯಾವ ಶಾಲೆಯಿಂದ ಎತ್ತಿ ಕಳಿಸುತ್ತಾರೋ, ಆ ಊರಿನ ಹೆಸರು ಗೊತ್ತಾದ ಕೂಡಲೇ ಬೀಗ ಅಲ್ಲಿಗೆ ಹೋಗುತ್ತದೆ.